ರಿಪೋರ್ಟ್ ನಾರ್ಮಲ್ಲು, ಹೊಟ್ಟೆ ಮಾತ್ರ ಅಲ್ಲ

ಬೆಳಿಗ್ಗೆಯಿಂದ ತಲೆ ಕೆಟ್ಟು ಕೂತಿದ್ದೀನಿ. ಬರೆದಾದ್ರೂ ಹಗುರ ಮಾಡ್ಕೊಳ್ತೀನಿ. ಉದ್ದ ಆಗುತ್ತೆ, ಪುರುಸೊತ್ತಿಲ್ಲದವರು ಮುಂದಕ್ಕೆ ಹೋಗಿ, ಬೇಜಾರಿಲ್ಲ. ಊಟ ಮಾಡ್ತಾ ಮೊಬೈಲ್ ನೋಡೋ ಅಭ್ಯಾಸ ಇರೋರು ಕೈ ತೊಳ್ಕೊಂಡು ಆಮೇಲೆ ಓದಿ.

ನನ್ನ ಹೊಟ್ಟೆಯ ಪುರಾಣ (ನೋವು, ನೀರಿನ ಹಾಗೆ ಹೋಗೋದು) ಇಲ್ಲಿರೋ ಅರ್ಧ ಜನಕ್ಕೆ ಬಾಯಿಪಾಠ. ಊರಿಗೆ ಬಸ್ಸಲ್ಲಿ ಬರಲ್ಲ, ರೈಲೇ ಆಗಬೇಕು ಅಂತ ಯಾಕೆ ಹಟ ಹಿಡೀತೀನಿ ಅಂತ ನಿಮಗೆ ಗೊತ್ತು. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಈ ದಾರಿಯ ಬಸ್‌ಸ್ಟ್ಯಾಂಡುಗಳಲ್ಲಿ ಶೌಚಾಲಯ ಯಾವ ಮೂಲೆಯಲ್ಲಿದೆ ಅಂತ ಕಣ್ಣು ಮುಚ್ಕೊಂಡು ಹೇಳಬಲ್ಲೆ. ಮದುವೆಮನೆಯಲ್ಲಿ ಹೋಳಿಗೆ ಬಡಿಸೋರು ಬಂದಾಗ ಎಲೆ ಮೇಲೆ ಕೈ ಅಡ್ಡ ಇಟ್ಟು "ಡಯಟ್ಟಾ?" ಅಂತ ಅನ್ನಿಸಿಕೊಳ್ಳೋಳೂ ನಾನೇ.

ಇವತ್ತು ಮತ್ತೆ ಒಬ್ಬ ಹೊಟ್ಟೆ ಸ್ಪೆಷಲಿಸ್ಟ್ ಹತ್ರ ಹೋಗಿದ್ದೆ. ನನಗಿಂತ ಮುಂಚಿನ ನಂಬರ್ ಒಬ್ಬ ಅಜ್ಜಂದು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಕೇಳಿಸ್ತಿತ್ತು. ಜವಳಿ ಅಂಗಡಿ ಕವರಿನ ತುಂಬ ರಿಪೋರ್ಟು. ಡಾಕ್ಟರು ಕಂಪ್ಯೂಟರ್ ನೋಡ್ತಾನೇ "ಎಲ್ಲ ನಾರ್ಮಲ್ ಇದೆ ಅಜ್ಜ, ಏನೂ ಇಲ್ಲ ನಿಮಗೆ" ಅಂದ್ರು. ಅಜ್ಜ ಅಂದ: "ಏನೂ ಇಲ್ದಿದ್ರೆ ಉಂಡಿದ್ದು ಯಾಕ್ ಸ್ವಾಮಿ ನಿಲ್ಲಲ್ಲ?" 

ಅದಕ್ಕೆ ಉತ್ತರ, ಟೆನ್ಷನ್ ಮಾಡ್ಕೋಬೇಡಿ. ಒಂದು ತಿಂಗಳಿಗೆ ಪ್ಯಾನ್ 40, ಅದೇ ಆ ಅಸಿಡಿಟಿ ಮಾತ್ರೆ. ನೆಕ್ಸ್ಟ್.

ಅಜ್ಜ ಹೊರಗೆ ಬಂದು ರಿಸೆಪ್ಷನ್ ಹುಡುಗಿ ಹತ್ರ "ಇದು ಊಟಕ್ಕೆ ಮೊದ್ಲಾ ಆಮೇಲಾ ತಾಯಿ?" ಅಂತ ಕೇಳಿದ. ಆಕೆ ತಲೆ ಎತ್ತದೆ "ಚೀಟೀಲಿದೆ ನೋಡಿ" ಅಂದಳು. ಚೀಟಿ ಇಂಗ್ಲಿಷಿನಲ್ಲಿತ್ತು. ಅದೂ ಡಾಕ್ಟರ್ ಕೈಬರಹದ ಇಂಗ್ಲಿಷು. ನಾನೇ ಓದಿ ಹೇಳಿದೆ, ತಿಂಡಿಗೆ ಅರ್ಧ ಗಂಟೆ ಮುಂಚೆ ಅಂತ. ಆ ಕವರಿನಲ್ಲೇ ಒಂದು ಮೆಟ್‌ಫಾರ್ಮಿನ್ ಸ್ಟ್ರಿಪ್ಪೂ ಇತ್ತು, ಅರ್ಧ ಖಾಲಿ. ಶುಗರ್ ಮಾತ್ರೆ.

ಮೆಟ್‌ಫಾರ್ಮಿನ್ ತಗೊಳ್ಳೋರಲ್ಲಿ ಎಷ್ಟೋ ಜನಕ್ಕೆ ಭೇದಿ, ಹೊಟ್ಟೆ ಉಬ್ಬರ ಆಗುತ್ತೆ. ಇದು ಗುಟ್ಟೇನಲ್ಲ, ಮಾತ್ರೆ ಡಬ್ಬಿಯೊಳಗಿನ ಚೀಟಿಯಲ್ಲೇ ಬರೆದಿರುತ್ತೆ. ನಮ್ಮ ಚಿಕ್ಕಮ್ಮನಿಗೆ ಇದೇ ಆಗಿತ್ತು. ಸ್ಕ್ಯಾನು, ರಕ್ತಪರೀಕ್ಷೆ, ಹರಕೆ ಎಲ್ಲ ಮುಗಿದ ಮೇಲೆ ಸಾಗರದ ಒಬ್ಬ ಹಳೇ ಡಾಕ್ಟರು "ಶುಗರ್ ಮಾತ್ರೆ ಯಾವಾಗ ಶುರು ಮಾಡಿದ್ರಿ, ಹೊಟ್ಟೆ ಯಾವಾಗ ಕೆಡ್ತು?" ಅಂತ ಕೇಳಿದರು. ನಿಧಾನಕ್ಕೆ ಕರಗೋ ನಮೂನೆಯ ಅದೇ ಮಾತ್ರೆಗೆ ಬದಲಾಯಿಸಿದರು. ಕಥೆ ಮುಗೀತು. ಈ ಅಜ್ಜನಿಗೂ ಅದೇ ಕಾರಣ ಅಂತ ನಾನು ಹೇಳ್ತಿಲ್ಲ, ನಾನು ಡಾಕ್ಟರಲ್ಲ. ಒಂದು ಸಲ ಕೇಳಬೇಕಿತ್ತು, ಅಷ್ಟೇ. ಕೇಳೋಕೇನು ದುಡ್ಡು ಕೊಡಬೇಕಾ? ಕೊಟ್ಟಿದ್ವಲ್ಲ, ಕೌಂಟರಿನಲ್ಲಿ, ಎಂಟುನೂರು.

ನನ್ನ ಸರದಿ ಬಂತು. ಫೈಲು ತಿರುವಿದರು. ಎಂಡೋಸ್ಕೋಪಿಯಲ್ಲಿ 'ಮೈಲ್ಡ್ ಆಂಟ್ರಲ್ ಗ್ಯಾಸ್ಟ್ರೈಟಿಸ್', ಅಂದ್ರೆ ಜಠರದಲ್ಲಿ ಸ್ವಲ್ಪ ಉರಿಯೂತ, ಸ್ಕ್ಯಾನಿನಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್'. (ಈ ಎರಡು ಸಾಲು ಇಲ್ಲದ ಫೈಲು ನಿಮ್ಮ ಮನೇಲಿದ್ರೆ ಫೋಟೋ ಹಾಕಿ, ಸನ್ಮಾನ ಮಾಡೋಣ.) ಆಮೇಲೆ ಜೊತೆಗೆ ಬಂದಿದ್ದ ನನ್ನ ಗಂಡನ ಕಡೆ ತಿರುಗಿ "ಮನೇಲಿ ಸ್ವಲ್ಪ ಟೆನ್ಷನ್ನಾ ಇವರಿಗೆ?" ಅಂದರು. ನಾನು ಅಲ್ಲೇ ಇದ್ದೆ. ಹೊಟ್ಟೆ ನಂದು, ಫೈಲು ನಂದು, ಪ್ರಶ್ನೆ ಮಾತ್ರ ಕಾರ್ ಓಡಿಸ್ಕೊಂಡು ಬಂದವರಿಗೆ. ಆ ಪುಣ್ಯಾತ್ಮ "ಗೊತ್ತಿಲ್ಲ ಸರ್, ಅವಳನ್ನೇ ಕೇಳಿ" ಅಂದದ್ದಕ್ಕೆ ರಾತ್ರಿ ನೀರ್‌ದೋಸೆ ಮಾಡಿ ಹಾಕಿದ್ದೀನಿ. ಡಾಕ್ಟರು ಕೇಳಲಿಲ್ಲ ಬಿಡಿ. ಪ್ಯಾನ್ 40 ನನಗೂ ಬಂತು, ಪ್ರಸಾದದ ಹಾಗೆ, ಭೇದಭಾವ ಇಲ್ಲದೆ.

ನನ್ನ ಸಿಟ್ಟು ಇಷ್ಟೇ: ಯಾರೂ ಕೇಳಲ್ಲ. ನೋವು ಎಲ್ಲಿ, ಎಷ್ಟು ಹೊತ್ತಿಗೆ, ಏನು ತಿಂದ ಮೇಲೆ, ಕಕ್ಕಸಿಗೆ ಹೋಗಿ ಬಂದ್ರೆ ಕಮ್ಮಿಯಾಗುತ್ತಾ ಹೆಚ್ಚಾಗುತ್ತಾ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಾ, ಬೇರೆ ಯಾವ ಮಾತ್ರೆ ನುಂಗ್ತೀರಿ, ಪಿತ್ತಕೋಶ ತೆಗೆಸಿದ್ದೀರಾ. ಇಷ್ಟು ಕೇಳೋಕೆ ಐದು ನಿಮಿಷ ಸಾಕು.

ತಮಾಷೆ ಏನು ಗೊತ್ತಾ? ಟೆಸ್ಟೆಲ್ಲ ನಾರ್ಮಲ್ ಬಂದ ಮೇಲೆ ಇವರು ನಮ್ಮ ಮೇಲೆ ಅಂಟಿಸೋ 'ಐಬಿಎಸ್' (ಇರಿಟಬಲ್ ಬವೆಲ್ ಸಿಂಡ್ರೋಮ್) ಅನ್ನೋ ಕರುಳಿನ ಕಾಯಿಲೆಯನ್ನ ಪತ್ತೆ ಮಾಡೋದೇ ಪ್ರಶ್ನೆ ಕೇಳಿ. ಅದಕ್ಕೆ ರೋಮ್ ಮಾನದಂಡ ಅಂತ ಇದೆ, ನಾಲ್ಕನೇ ಆವೃತ್ತಿ 2016ರಲ್ಲಿ ಬಂತು. ಕಳೆದ 3 ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದ್ರೂ ಹೊಟ್ಟೆನೋವು ಇರಬೇಕು. ಮಲವಿಸರ್ಜನೆ ಜೊತೆ ಆ ನೋವಿಗೆ ನಂಟು, ಹೋಗೋ ಸಲ ಹೆಚ್ಚುಕಮ್ಮಿಯಾಗೋದು, ಮಲದ ರೂಪ ಬದಲಾಗೋದು, ಈ ಮೂರರಲ್ಲಿ ಎರಡು ಇರಬೇಕು. ತೊಂದರೆ ಶುರುವಾಗಿ ಆರು ತಿಂಗಳಾದ್ರೂ ಆಗಿರಬೇಕು. ಇದರಲ್ಲಿ ಯಾವುದು ಸ್ಕ್ಯಾನಿನಲ್ಲಿ ಕಾಣುತ್ತೆ ಹೇಳಿ? ಐಬಿಎಸ್ ಅಂತ ಚೀಟಿ ಬರೆದವರಲ್ಲಿ ಒಬ್ಬರೂ ಇದರಲ್ಲಿ ಒಂದನ್ನೂ ನನ್ನನ್ನ ಕೇಳಿಲ್ಲ. ಸಿಗಲಿಲ್ಲ, ಅದಕ್ಕೇ ಐಬಿಎಸ್ಸು.

ಮಲದ ರೂಪ ಅಂದೆ, ಮುಖ ಸಿಂಡರಿಸಬೇಡಿ. ಬ್ರಿಸ್ಟಲ್ ಚಾರ್ಟ್ ಅಂತ ಇದೆ, ಇಂಗ್ಲೆಂಡಿನ ಬ್ರಿಸ್ಟಲ್ಲಿನವರು 1997ರಲ್ಲಿ ಪ್ರಕಟಿಸಿದ್ದು. ಹಿಕ್ಕೆಯಂತಹ ಗಟ್ಟಿಯಿಂದ ಹಿಡಿದು ಬರೀ ನೀರಿನವರೆಗೆ 7 ಚಿತ್ರ. ಬೆರಳು ಇಟ್ಟು ತೋರಿಸಿದ್ರೆ ಆಯ್ತು, ಬಾಯಿಬಿಟ್ಟು ವರ್ಣಿಸಬೇಕಾಗಿಲ್ಲ. ನಮ್ಮಲ್ಲಿ "ಮೋಷನ್ ಹೇಗಿದೆ?" "ಪರವಾಗಿಲ್ಲ ಡಾಕ್ಟ್ರೇ", ಮುಗೀತು ಸಂಭಾಷಣೆ. ಕೇಳೋರಿಗೂ ಮುಜುಗರ, ಹೇಳೋರಿಗೂ ಮುಜುಗರ. ಅದರ ಬದಲು ಕ್ಯಾಮೆರಾ ಒಳಗೆ ಬಿಡೋಕೆ ಮಾತ್ರ ಯಾರಿಗೂ ಮುಜುಗರ ಇಲ್ಲ!

ಕ್ಯಾಮೆರಾ ಅಂದಾಗ ಒಂದು ಹೇಳ್ತೀನಿ, ಇದುವರೆಗೆ ಅಮ್ಮನಿಗೂ ಹೇಳಿಲ್ಲ. ಕೊಲೊನೋಸ್ಕೋಪಿಗೆ ಮುಂಚಿನ ರಾತ್ರಿ ಆ ನಿಂಬೆವಾಸನೆಯ ಪುಡಿ ಕದಡಿದ ನೀರನ್ನ ಲೀಟರುಗಟ್ಟಲೆ ಕುಡೀಬೇಕಲ್ಲ, ಉಪ್ಪುಪ್ಪು, ಮೂರನೇ ಲೋಟಕ್ಕೆ ನಾಲಿಗೆ ಅದನ್ನ ಒಳಗೇ ಬಿಟ್ಕೊಳ್ಳಲ್ಲ. ಬಚ್ಚಲುಮನೆ ಎದುರು ಪ್ಲಾಸ್ಟಿಕ್ ಸ್ಟೂಲ್ ಹಾಕ್ಕೊಂಡು ಕೂತು, ಏನಾದ್ರೂ ಸಿಗಲಪ್ಪಾ ದೇವರೇ ಅಂತ ಬೇಡ್ಕೊಂಡೆ. ಹುಣ್ಣೋ ಗಂಟೋ, ಹೆಸರಿರೋದು ಏನಾದ್ರೂ. ಮಾರನೇ ದಿನ 'ನಾರ್ಮಲ್ ಸ್ಟಡಿ' ಅಂತ ಬಂತು. ಎಲ್ಲರೂ ಸಿಹಿ ಹಂಚೋ ಮುಖ ಮಾಡಿದ್ರು, ನಾನು ಆಟೋದಲ್ಲಿ ಅತ್ತೆ. ಬಯಾಪ್ಸಿ ತೆಗೆದಿರಲಿಲ್ಲ ಅಂತ ತಿಂಗಳುಗಳ ಮೇಲೆ ಗೊತ್ತಾಯ್ತು. ಮೈಕ್ರೋಸ್ಕೋಪಿಕ್ ಕೊಲೈಟಿಸ್ ಅನ್ನೋ ದೊಡ್ಡಕರುಳಿನ ಉರಿಯೂತದಲ್ಲಿ ಕರುಳು ಕ್ಯಾಮೆರಾಕ್ಕೆ ಚೆನ್ನಾಗೇ ಕಾಣುತ್ತೆ, ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಮಾತ್ರ ಗೊತ್ತಾಗುತ್ತೆ. ನನಗೆ ಅದಿದೆ ಅಂತಲ್ಲ. ನೀರಿನ ಹಾಗೆ ಹೋಗುತ್ತೆ ಅಂತ ಹೇಳಿಕೊಳ್ಳೋಕೆ ಯಾರಾದ್ರೂ ಬಿಟ್ಟಿದ್ರೆ ಚೂರು ತೆಗೀತಿದ್ರೇನೋ.

ಇನ್ನೊಂದು ಕೇಳಿ. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇರಬಹುದು, ಅದರ ರಕ್ತಪರೀಕ್ಷೆ ಮಾಡಿಸಿ ಅಂತ ಮತ್ತೊಬ್ಬರು ಬರೆದುಕೊಟ್ಟರು. ಆ ಹೊತ್ತಿಗೆ ಹಿಂದಿನ ಡಾಕ್ಟರು ಹೇಳಿದ್ದಕ್ಕೆ ನಾನು ಚಪಾತಿ ಬಿಟ್ಟು ತಿಂಗಳುಗಳೇ ಆಗಿದ್ವು. ಗೋಧಿ ತಿಂತಾ ಇದ್ರೆ ಮಾತ್ರ ಆ ಪರೀಕ್ಷೆಗೆ ಅರ್ಥ. ಬಿಟ್ಟು ಬಹಳ ದಿನ ಆದ್ರೆ ಕಾಯಿಲೆ ಇದ್ದರೂ ನೆಗೆಟಿವ್ ಬರಬಹುದು. "ಗೋಧಿ ತಿಂತಿದ್ದೀರಾ?" ಅಂತ ಕೇಳೋಕೆ ಎಷ್ಟು ಸೆಕೆಂಡು ಬೇಕು? ರಿಪೋರ್ಟ್ ನಾರ್ಮಲ್. ಅದನ್ನೂ ಫೈಲಿಗೆ ಸೇರಿಸಿ ಪಂಚ್ ಮಾಡಿದೆ.

ಹಾಲಿನ ವಿಷಯವೂ ಹೀಗೇ. ಹಾಲಿನ ಸಕ್ಕರೆ ಜೀರ್ಣ ಆಗದೇ ಇರೋದು ಉತ್ತರ ಭಾರತಕ್ಕಿಂತ ನಮ್ಮ ದಕ್ಷಿಣದ ಕಡೆಯೇ ಹೆಚ್ಚು. ಮೊಸರು ಒಗ್ಗಿ ಹಾಲು ಒಗ್ಗದ ಜನ ನಮ್ಮ ಮನೆಗಳಲ್ಲೇ ಎಷ್ಟಿಲ್ಲ! ದಿನಕ್ಕೆ ಎಷ್ಟು ಲೋಟ ಕಾಫಿ, ಹಾಲೆಷ್ಟು ಅಂತ ಕೇಳಿದವರು ಸೊನ್ನೆ. ಡಯಟೀಷಿಯನ್ ಒಬ್ಬರು ಕೊಟ್ಟ ಪ್ರಿಂಟೌಟ್ ಇನ್ನೂ ಇಟ್ಟಿದ್ದೀನಿ, ಬೇಜಾರಾದಾಗ ತೆಗೆದು ಓದ್ತೀನಿ. ಆಸ್ಪ್ಯಾರಗಸ್ ಬಿಡಿ, ಆರ್ಟಿಚೋಕ್ ಬಿಡಿ, ರೈ ಬ್ರೆಡ್ ಬಿಡಿ. ಅಮ್ಮಾ ತಾಯಿ, ನಾನು ಶಿವಮೊಗ್ಗದೋಳು! ಆರ್ಟಿಚೋಕ್ ಎದುರಿಗೆ ಬಂದ್ರೆ ಗುರುತು ಹಿಡಿಯಲ್ಲ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ಮಾಡಿ ಬೆಳೆಸಿದ, ಕರುಳಲ್ಲಿ ಹುದುಗಿ ಗ್ಯಾಸ್ ಮಾಡೋ ಸಕ್ಕರೆಗಳನ್ನ ಕಮ್ಮಿ ಮಾಡೋ ಫಾಡ್‌ಮ್ಯಾಪ್ ಪಥ್ಯ ಅದು, ಒಳ್ಳೇದೇ, ತುಂಬ ಜನಕ್ಕೆ ಗುಣ ಸಿಕ್ಕಿದೆ. ಆದ್ರೆ ಅದರಲ್ಲಿ ಮೊದಲ ಸಾಲಿನ ಅಪರಾಧಿಗಳು ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳು. ಅಂದ್ರೆ ನಮ್ಮ ಇಡೀ ಅಡುಗೆಮನೆ. ಅವರೆಕಾಯಿ ಕಾಲದಲ್ಲಿ ಹಿತಕಿದಬೇಳೆ ಸಾರು ಉಂಡ ರಾತ್ರಿ ನನಗೇನಾಗುತ್ತೆ ಅಂತ ಆ ಹಾಳೆಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ.

ಈಗ ನನ್ನ ಡಾಕ್ಟರ್ ಗೆಳೆಯರು ಬರ್ತೀರಿ, ಗೊತ್ತು. ಪೇಷೆಂಟ್ ಎಷ್ಟು ಜನ, ಟೈಮ್ ಎಲ್ಲಿ ಅಂತ. ಸರ್ಕಾರಿ ಆಸ್ಪತ್ರೆ ಓಪಿಡಿಯಲ್ಲಿ ಆ ಮಾತು ಹೇಳಿ, ತಲೆಬಾಗಿ ಒಪ್ಕೊಳ್ತೀನಿ. ಆ ಸಾಲು ಬಾಗಿಲು ದಾಟಿ ರಸ್ತೆಗೆ ಬಂದಿರುತ್ತೆ. ಆದರೆ ಏಸಿ ಹಾಕಿ, ಅಕ್ವೇರಿಯಮ್ ಇಟ್ಟು, ಮಾತಿಗೆ ಎಂಟುನೂರು ತಗೊಳ್ಳೋ ಜಾಗದಲ್ಲಿ? ಹನ್ನೆರಡು ಸಾವಿರದ ಟೆಸ್ಟು ಬರೆಯೋಕೆ ಟೈಮಿದೆ, ಐದು ಪ್ರಶ್ನೆಗಿಲ್ಲ. ಇದು ಟೈಮಿನ ವಿಷಯ ಅಲ್ಲ ಸ್ವಾಮಿ.

ಟೆನ್ಷನ್ನೂ ಕಾರಣ ಇರಬಹುದಲ್ಲ ಅಂತೀರಾ? ಇರಬಹುದು. ಕರುಳಿಗೂ ಮಿದುಳಿಗೂ ತಂತಿ ಇದೆ, ಪರೀಕ್ಷೆ ದಿನ ಹೊಟ್ಟೆ ಕೆಡೋದು ನಮಗೇನು ಹೊಸದಾ? ಆದ್ರೆ ಕೇಳಿ ತಿಳಿದು ಟೆನ್ಷನ್ ಅನ್ನೋದೇ ಬೇರೆ, ಕೇಳದೆ ಅನ್ನೋದೇ ಬೇರೆ. ಹೊಟ್ಟೆಹುಣ್ಣಿಗೂ ದಶಕಗಟ್ಟಲೆ ಟೆನ್ಷನ್ನು, ಖಾರ ಅಂತಲೇ ಹೇಳ್ತಿದ್ರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾವನ್ನ ತಾನೇ ಕುಡಿದು ಕೆಲವೇ ದಿನದಲ್ಲಿ ಜಠರದ ಉರಿಯೂತ ಬರಿಸ್ಕೊಂಡ. ಹುಣ್ಣಿಗೆ ಈ ಬ್ಯಾಕ್ಟೀರಿಯಾ ಕಾರಣ ಅಂತ ಕಂಡುಹಿಡಿದಿದ್ದಕ್ಕೆ ಅವನಿಗೂ ಜೊತೆಗಾರ ರಾಬಿನ್ ವಾರೆನ್‌ಗೂ 2005ರಲ್ಲಿ ನೊಬೆಲ್ ಬಂತು. ಅದಕ್ಕೂ ಮುಂಚೆ "ನಿಂಗೇನಿಲ್ಲ, ಮನಸ್ಸಿಗೆ ಹಚ್ಕೋಬೇಡ" ಅಂತ ಹೇಳಿಸಿಕೊಂಡೇ ಹುಣ್ಣು ಇಟ್ಕೊಂಡು ಬದುಕಿದವರ ಲೆಕ್ಕ ಯಾರಿಟ್ಟಿದ್ದಾರೆ?

ಊರಲ್ಲೇನು ಕಮ್ಮಿಯಾ? ಬಟ್ಟಿ ಜಾರಿದೆ ಅಂತ ಹೊಕ್ಕುಳ ಸುತ್ತ ಎಣ್ಣೆ ತೀಡಿಸಿದ್ರು. ಓಂಕಾಳು, ದಾಳಿಂಬೆ ಸಿಪ್ಪೆ, ಪುನರ್ಪುಳಿ ಎಲ್ಲ ಆಯ್ತು. ಕೊನೆಗೆ ದೊಡ್ಡತ್ತೆ, ಯಾರೋ ಮದ್ದು ಹಾಕಿದ್ದಾರೆ ಅಂತ ತೀರ್ಮಾನ ಮಾಡಿ ಮದ್ದು ತೆಗೆಯೋನ ಹತ್ರ ಎಳ್ಕೊಂಡು ಹೋದ್ರು. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ, ನಿಮಗೆ ಗೊತ್ತು. ಅವನು ಕೊಟ್ಟ ಸೊಪ್ಪಿನ ರಸ ಅಲ್ಲೇ ಬಾಳೆಬುಡಕ್ಕೆ ಸುರಿದೆ. ಆದರೆ ಆ ಮನುಷ್ಯ ಜಗಲಿ ಮೇಲೆ ಕೂರಿಸಿ ಅರ್ಧ ಗಂಟೆ ಕೇಳಿದ. ಯಾರ ಮನೇಲಿ ಏನು ಉಂಡೆ? ಹಾಲಿಂದಾ, ಬೆಲ್ಲದ್ದಾ? ಉಂಡು ಎಷ್ಟು ಹೊತ್ತಿಗೆ ಶುರುವಾಗುತ್ತೆ? ಅಮಾವಾಸ್ಯೆ ಹುಣ್ಣಿಮೆಗೆ ಹೆಚ್ಚಾಗುತ್ತಾ? ಮುಟ್ಟಿನ ದಿನ ಹೇಗೆ? ಅಮಾವಾಸ್ಯೆ ಒಂದು ತೆಗೆದುಹಾಕಿದ್ರೆ ಇಷ್ಟು ಚೆನ್ನಾಗಿ ನನ್ನ ಹೊಟ್ಟೆ ಕಥೆ ಕೇಳಿದವರು ಯಾವ ಎಂಡಿಯೂ ಇಲ್ಲ, ಡಿಎಂ ಕೂಡ ಇಲ್ಲ. ಜನ ಅವನ ಜಗಲಿ ಹತ್ತೋದು ಯಾಕೆ ಅಂತ ಆವತ್ತು ಗೊತ್ತಾಯ್ತು. ಮೂಢನಂಬಿಕೆ ಮೂಢನಂಬಿಕೆ ಅಂತ ಬೈತೀವಿ, ಅವನ ಗಿರಾಕಿಗಳಲ್ಲಿ ಅರ್ಧ ಜನರನ್ನ ಈ ಎಂಟುನೂರರ ಬಾಗಿಲುಗಳೇ ಕಳಿಸಿಕೊಡ್ತಿವೆ.

ಅಪವಾದ ಒಂದಿದೆ, ಹೇಳದಿದ್ರೆ ತಪ್ಪಾಗುತ್ತೆ. ಒಂದು ಆಸ್ಪತ್ರೆಯಲ್ಲಿ ಪಿಜಿ ಓದ್ತಿದ್ದ ಹುಡುಗಿ, ದೊಡ್ಡ ಡಾಕ್ಟರು ರೌಂಡ್ಸ್‌ನಲ್ಲಿದ್ರು ಅಂತ ಅವಳೇ ನೋಡಿದ್ದು. "ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಾ? ತೂಕ ಇಳಿದಿದ್ಯಾ? ರಕ್ತ? ಜ್ವರ? ಮನೇಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್?" ಎಲ್ಲ ಬರ್ಕೊಂಡಳು. ಯಾಕೆ ಕೇಳ್ತೀನಿ ಅಂತಲೂ ಹೇಳಿದಳು: ಇವು ಇದ್ರೆ ತಡ ಮಾಡೋ ಹಾಗಿಲ್ಲ, ನಮ್ಮ ದೇಶದಲ್ಲಿ ಕರುಳಿನ ಟಿಬಿ ಕೂಡ ಯೋಚನೆ ಮಾಡಬೇಕು, ಅದೂ ಕ್ರೋನ್ಸ್ ಅನ್ನೋ ಕರುಳಿನ ಉರಿಯೂತದ ಕಾಯಿಲೆಯೂ ನೋಡೋಕೆ ಒಂದೇ ಥರ ಇರ್ತವೆ ಅಂತ. (ನಿಮ್ಮಲ್ಲಿ ಯಾರಿಗಾದ್ರೂ ಅವಳು ಕೇಳಿದ ಈ ಲಕ್ಷಣಗಳು ಇದ್ರೆ ನನ್ನ ಪೋಸ್ಟ್ ಓದ್ತಾ ಕೂರಬೇಡಿ, ಎದ್ದು ಹೋಗಿ ತೋರಿಸಿ. ನಾನು ಟೆಸ್ಟಿನ ವಿರೋಧಿ ಅಲ್ಲ.) ಬೇರೆ ಏನೂ ಔಷಧಿ ಕೊಡದೇ ಆವತ್ತು ಅರ್ಧ ಗುಣ ಆದ ಹಾಗಿತ್ತು ನನಗೆ. ಅಷ್ಟರಲ್ಲಿ ದೊಡ್ಡವರು ಬಂದು, ಹಾಳೆ ನೋಡದೇ, "ರಿಪೋರ್ಟ್ಸ್ ಎಲ್ಲಿ?" ಅಂದ್ರು.

ಕಾಮೆಂಟಿನಲ್ಲಿ ತ್ರಿಫಲಾ, ಪ್ರೋಬಯೋಟಿಕ್ಕು, ತಾಮ್ರದ ಚೊಂಬು ಅಂತ ಬರೆಯೋರು ದಯವಿಟ್ಟು ತಡೀರಿ, ಎಲ್ಲ ಆಗಿದೆ. "ಜಾಸ್ತಿ ಯೋಚ್ನೆ ಮಾಡ್ಬೇಡ ಕಣೇ" ಅಂತ ಬರೆದವರನ್ನ ಅಲ್ಲೇ ಬ್ಲಾಕ್ ಮಾಡ್ತೀನಿ, ಸ್ವಂತ ತಮ್ಮನಾದ್ರೂ ಸರಿ. ಕೂರಿಸಿ ಕೇಳೋ ಡಾಕ್ಟರು ಯಾರಾದ್ರೂ ಗೊತ್ತಿದ್ರೆ ಮಾತ್ರ ಹೆಸರು ಇನ್‌ಬಾಕ್ಸಿಗೆ ಹಾಕಿ. ಬೆಂಗಳೂರೇ ಆಗಬೇಕಂತಿಲ್ಲ, ಹುಬ್ಬಳ್ಳಿಯಾದ್ರೂ ಸೈ, ಮಂಗಳೂರಾದ್ರೂ ಸೈ. ಅಪಾಯಿಂಟ್‌ಮೆಂಟು ಮೂರು ತಿಂಗಳ ಆಚೆಗೆ ಸಿಕ್ಕಿದ್ರೂ ಕಾಯ್ತೀನಿ.