ಆ ಕಡೆಯವರು ಏನಂದ್ರು?

ಹೊರಗೆ ಹೋದಾಗ ಜನ ಹೇಗೇ ನಡೆದುಕೊಂಡರೂ ನಾನು ತಡೆದುಕೊಳ್ಳುತ್ತೇನೆ. ತಡೆದುಕೊಳ್ಳಲಾರದವರು ನಮ್ಮ ಸೋದರತ್ತೆ. ಅವರನ್ನು ತಡೆಯುವವರು ನಮ್ಮಲ್ಲಿ ಯಾರೂ ಇಲ್ಲ.

ಅತ್ತೆ ಗಂಟಲು ಸರಿಮಾಡಿಕೊಂಡರು ಅಂದರೆ ನಮ್ಮ ಮನೆಯ ಸಂಬಂಧಗಳೆಲ್ಲ ಆ ಕ್ಷಣಕ್ಕೆ ರದ್ದು. ಮಾವ ಕಿಟಕಿ ಕಡೆ ತಿರುಗಿ ಹೊರಗಿನ ಕತ್ತಲನ್ನು ಬಹಳ ಆಸಕ್ತಿಯಿಂದ ನೋಡತೊಡಗುತ್ತಾರೆ. ಅಪ್ಪ ಪೇಪರನ್ನು ಮುಖದ ಮಟ್ಟಕ್ಕೆ ಎತ್ತುತ್ತಾರೆ, ಒಡಹುಟ್ಟಿದ ಅಕ್ಕ ಅಂತಲೂ ನೋಡುವುದಿಲ್ಲ. ತಮ್ಮ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಾನೆ. ಸಿಕ್ಕಿಹಾಕಿಕೊಳ್ಳುವವನು ನಾನು. ನನ್ನ ಸೀಟು ಯಾವಾಗಲೂ ಅತ್ತೆಯ ಪಕ್ಕ, ಅವರ ಚೀಲ ನನ್ನ ತೊಡೆಯ ಮೇಲೆ.

ಒಮ್ಮೆ ರಾತ್ರಿ ರೈಲಿನಲ್ಲಿ ಎದುರು ಸೀಟಿನವನು ಫೋನು ಹಿಡಿದು ಕೂತ. ದನಿ ಇಡೀ ಬೋಗಿಗೆ ಕೇಳುವಂತಿತ್ತು. "ಇಲ್ಲ ಅಕ್ಕಾ... ಹಾಗಲ್ಲ... ಅವನೇ ಹಾಗಂದಿದ್ದು... ಛೇ ಛೇ... ಬೀರುವಿನ ಬೀಗದ ಕೈ ನನ್ನ ಹತ್ರ ಇಲ್ಲ!"

"ಸ್ವಲ್ಪ ಮೆಲ್ಲಗೆ ಮಾತಾಡಪ್ಪಾ" ಅಂದರು ಅತ್ತೆ. ಅವರು ಅಂದದ್ದು ಮೂರು ಸಾಲು ಆಚೆಯವರಿಗೂ ಕೇಳಿಸಿತು. ಅವನು ಇನ್ನೊಂದು ಕಿವಿ ಮುಚ್ಚಿಕೊಂಡು ಇನ್ನೂ ಜೋರು ಮಾಡಿದ. ಸುತ್ತ ಗದ್ದಲ ಹೆಚ್ಚಾದರೆ ಮನುಷ್ಯ ತನಗೆ ಗೊತ್ತಿಲ್ಲದೇ ದನಿ ಏರಿಸುತ್ತಾನೆ. ಇದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ ಎಂಬವರು 1911ರಲ್ಲೇ ಬರೆದಿಟ್ಟಿದ್ದಾರೆ. ಆದ್ದರಿಂದ ಅವನದೊಬ್ಬನದೇ ತಪ್ಪು ಅನ್ನಲಾರೆ. ಗದ್ದಲದಲ್ಲಿ ಅತ್ತೆಯ ಪಾಲೂ ಇತ್ತು.

ಆಮೇಲೆ ಅತ್ತೆ ಸುಮ್ಮನಾದರು. ನಮಗೆ ಇನ್ನೂ ಭಯವಾಯಿತು. ಅವನು "ಹ್ಞೂಂ... ಹ್ಞೂಂ... ಅಯ್ಯೋ ದೇವರೇ!" ಅಂದ ತಕ್ಷಣ ಮುಂದಕ್ಕೆ ಬಾಗಿ ಕೇಳಿಯೇಬಿಟ್ಟರು:

"ಆ ಕಡೆಯವರು ಏನಂದ್ರು?"

"ಏನಮ್ಮಾ?"

"ಬೀಗದ ಕೈ ಯಾರ ಹತ್ರ ಇದೆಯಂತೆ? ಅರ್ಧ ಕೇಳಿಸಿ ಅರ್ಧ ಮುಚ್ಚಿಟ್ಟುಕೊಂಡ್ರೆ ನಾವು ನಿದ್ದೆ ಮಾಡೋದು ಹೇಗೆ? ಒಂದೋ ಎರಡು ಕಡೆದೂ ಕೇಳಿಸು, ಇಲ್ಲಾ ಎರಡೂ ಬೇಡ."

ನಾಚಿಕೆಯಿಂದ ನಾನು ಅತ್ತೆಯ ಚೀಲದೊಳಗೆ ಮುಖ ಹುದುಗಿಸುವುದೊಂದು ಬಾಕಿ. ಆದರೆ ಅತ್ತೆಯ ಮಾತಿನಲ್ಲಿ ಹುರುಳಿತ್ತು ಅಂತ ಆಮೇಲೆ ಗೊತ್ತಾಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಇಂಥದ್ದೇ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದ್ದರು. ಗಮನವಿಟ್ಟು ಮಾಡಬೇಕಾದ ಕೆಲಸ ಕೊಟ್ಟು, ಜೊತೆಗೆ ಬೇರೆಯವರ ಮಾತುಕತೆ ಕೇಳಿಸಿದ್ದರು. ಇಬ್ಬರ ಮಾತೂ ಕೇಳುತ್ತಿದ್ದಾಗ ಜನ ಕೆಲಸ ಮಾಡಿಕೊಂಡು ಹೋದರು. ಒಬ್ಬರದು ಮಾತ್ರ ಕೇಳುವಾಗ ಎಡವಿದರು. ಮುಂದೇನು ಬರುತ್ತೆ ಅಂತ ಊಹಿಸಲಾಗದ ಮಾತಿನ ಹಿಂದೆ ಮನಸ್ಸು ಬೇಡ ಅಂದರೂ ಓಡುತ್ತದಂತೆ. ಇದನ್ನು ಅತ್ತೆಗೆ ಓದಿ ಹೇಳಿದೆ. "ಇದಕ್ಕೆ ಯೂನಿವರ್ಸಿಟಿ ಬೇಕಿತ್ತಾ?" ಅಂದರು.

ರೈಲಿನವನು ಪಾಪ, ಒಳ್ಳೆಯವನೇ. ಹೆದರಿದನೋ ಏನೋ, ಸ್ಪೀಕರ್ ಹಾಕಿಬಿಟ್ಟ. ಅವನಕ್ಕನಿಗೂ ಅತ್ತೆಗೂ ಕೂಡಲೇ ಹೊಂದಿಕೆಯಾಯಿತು. ಕೈ ಇವನ ಚೀಲದಲ್ಲೇ ಇರಬೇಕು ಎಂಬುದು ಇಬ್ಬರ ತೀರ್ಮಾನ. ಅತ್ತೆ ಎದುರಿಗೆ ನಿಂತು ಚೀಲ ಬಿಚ್ಚಿಸಿದರು. ಪಕ್ಕದ ಜಿಪ್ಪಿನೊಳಗೆ, ಮಡಚಿದ ಕರವಸ್ತ್ರದಲ್ಲಿ ಬೀಗದ ಕೈ ಇತ್ತು. ಅಷ್ಟು ಹೊತ್ತು ಕತ್ತಲು ನೋಡುತ್ತಿದ್ದ ಮಾವ ತಟ್ಟನೆ ತಿರುಗಿ "ಸಿಕ್ತಾ?" ಅಂದರು.

ಈ ಫೋನಿನ ಹುಟ್ಟೇ ಹಾಗೆ ಅಂತ ಕಾಣುತ್ತೆ. 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಮೊಟೊರೋಲಾ ಕಂಪನಿಯ ಎಂಜಿನಿಯರ್ ಮಾರ್ಟಿನ್ ಕೂಪರ್ ಕೈಯಲ್ಲಿ ಹಿಡಿಯುವ ಮೊಬೈಲಿನಿಂದ ಮೊದಲ ಕರೆ ಮಾಡಿದರು. ಯಾರಿಗೆ? ಪೈಪೋಟಿ ಕಂಪನಿಯವರಿಗೆ, "ನೋಡಿ, ನಾವು ಮಾಡಿಬಿಟ್ವಿ" ಅಂತ ಹೇಳಿಕೊಳ್ಳೋಕೆ. ನಡುಬೀದಿಯಲ್ಲಿ ನಿಂತು ಮನೆ ವಿಷಯ ಹೇಳಿಕೊಳ್ಳುವವರೆಲ್ಲ ಅವರ ವಂಶಸ್ಥರೇ. ಆದರೆ ಆ ಫೋನು ಒಂದು ಕೆ.ಜಿ.ಗಿಂತ ಜಾಸ್ತಿ ತೂಗುತ್ತಿತ್ತು. ಕೈ ಸೋಲುವ ಹೊತ್ತಿಗೆ ಮಾತೂ ಮುಗಿದಿರುತ್ತಿತ್ತು. ಫೋನನ್ನು ಹಗುರ ಮಾಡಿ ಕೆಟ್ಟೆವು.

ಲಿಫ್ಟಿನಿಂದ ಇಳಿಯುವವರಿಗೆ ದಾರಿ ಬಿಡದೆ ನುಗ್ಗುವವರು, ಗೇಟಿಗೆ ಅಡ್ಡವಾಗಿ ಗಾಡಿ ನಿಲ್ಲಿಸಿ "ಎರಡೇ ನಿಮಿಷ" ಅನ್ನುವವರು, ಇವರ ಮೇಲೂ ಅತ್ತೆ ಪ್ರಯೋಗ ಮಾಡಿದ್ದಾರೆ. ಅದನ್ನೆಲ್ಲ ಹೇಳುತ್ತಾ ಕೂತರೆ ಮುಗಿಯೋಲ್ಲ. ಕ್ಯೂ ವಿಷಯದಲ್ಲಿ ಮಾತ್ರ ನಾನು ಪೂರ್ತಿ ಅತ್ತೆಯ ಪಾರ್ಟಿ.

ಕ್ಯೂನಲ್ಲಿ ನಮ್ಮ ಮುಂದೆ ಒಬ್ಬನೇ ಒಬ್ಬ ನಿಂತಿರುತ್ತಾನೆ, ಅಲ್ವಾ? ಅವನ ಸರದಿ ಬರುವ ಹೊತ್ತಿಗೆ ಕಂಬದ ಹಿಂದಿನಿಂದ ಭಾವಮೈದ ಬರುತ್ತಾನೆ. ಬೆಂಚಿನಿಂದ ಷಡ್ಡಕ ಏಳುತ್ತಾನೆ. ಚಿಕ್ಕಮ್ಮ, ಚಿಕ್ಕಮ್ಮನ ಸೊಸೆ, ಸೊಸೆಯ ತಮ್ಮ ಎಲ್ಲರೂ ಸೇರಿಕೊಳ್ಳುತ್ತಾರೆ. ಕೇಳಿದರೆ "ನಾವೆಲ್ಲ ಒಂದೇ ಫ್ಯಾಮಿಲಿ." ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದಿದ್ದರೂ ಕೌಂಟರ್ ಮುಂದೆ ಅವಿಭಕ್ತ ಕುಟುಂಬ.

ಒಮ್ಮೆ ಹೀಗೇ ಆದಾಗ ಅತ್ತೆ ಜಗಳಕ್ಕೇ ಹೋಗಲಿಲ್ಲ. ಸೀದಾ ಹೋಗಿ ಅವರ ಮಧ್ಯೆ ನಿಂತರು.

"ನೀವು ಯಾರು ಅಂತ ಗೊತ್ತಾಗ್ಲಿಲ್ಲ" ಅಂದರು ಚಿಕ್ಕಮ್ಮ.

"ನಾನು ನಿಮ್ಮ ಸೋದರತ್ತೆ. ಮರೆತುಬಿಟ್ರಾ?"

ಎದುರಿಗೆ ನಿಂತವರು ನೆಂಟರಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುವ ಧೈರ್ಯ ಯಾರಿಗಿದೆ? ಚಿಕ್ಕಮ್ಮ ನಿಜಕ್ಕೂ ನೆನಪು ಮಾಡಿಕೊಳ್ಳತೊಡಗಿದರು. "ಯಾವ ಕಡೆಯವರು?" ಅಂತ ಅನುಮಾನದಲ್ಲೇ ಕೇಳಿದರು.

"ಹಿಂದುಗಡೆಯವರು" ಅಂದರು ಅತ್ತೆ, ಕ್ಯೂನ ಬಾಲದ ಕಡೆ ಕೈ ತೋರಿಸಿ.

ಷಡ್ಡಕ ಕಿಸಕ್ಕನೆ ನಕ್ಕುಬಿಟ್ಟ. ನಕ್ಕ ಮೇಲೆ ಅಲ್ಲೇ ನಿಲ್ಲೋದು ಕಷ್ಟ, ಹಿಂದೆ ನಡೆದ. ಉಳಿದವರೂ ಒಬ್ಬೊಬ್ಬರಾಗಿ ಜಾರಿಕೊಂಡರು. ಚಿಕ್ಕಮ್ಮ ಮಾತ್ರ ಕದಲಲಿಲ್ಲ. ಸರದಿ ಬರುವವರೆಗೂ ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಲೇ ಇದ್ದರು, ಎಲ್ಲಿ ನಿಜವಾಗಿಯೂ ನೆಂಟರೇ ಆಗಿಬಿಟ್ಟರೆ ಅಂತ.

ಈಗ ಮತ್ತೊಂದು ಪ್ರಯಾಣವಿದೆ. ಟಿಕೆಟ್ ಮಾಡಿಸುವ ಜವಾಬ್ದಾರಿ ತಮ್ಮನದು. ಅಪ್ಪ ಗುಟ್ಟಾಗಿ ಅವನಿಗೆ ಫೋನ್ ಮಾಡಿ ಬೇರೆ ಬೋಗಿಯಲ್ಲಿ ಸೀಟು ಕೇಳಿದ್ದಾರೆ. ಮಾವನೂ ಕೇಳಿದ್ದಾರೆ, ಕಿಟಕಿ ಇಲ್ಲದಿದ್ದರೂ ಪರವಾಗಿಲ್ಲವಂತೆ. ನಾನೂ ಕೇಳಿದೆ. "ಆಗಲಿ ಅಣ್ಣಾ" ಅಂದಿದ್ದಾನೆ. ಎಲ್ಲರಿಗೂ ಹಾಗೇ ಅಂದಿದ್ದಾನಂತೆ.