ಬೀನ್ಸ್ ಕ್ಯಾಸರೋಲ್‌ಗೆ ಒಗ್ಗರಣೆ ಹಾಕಬೇಡಿ

ಮುಂದಿನ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಅಮೆರಿಕದವರು ಮನೆಮಂದಿಯೆಲ್ಲ ಸೇರಿ ಊಟ ಮಾಡುವ ನವೆಂಬರ್ ಹಬ್ಬ. ಈ ಸಲ ನಮ್ಮ ಮನೆಯಲ್ಲಿ 14 ಜನ. ಮೆನು ಇನ್ನೂ ಗಟ್ಟಿಯಾಗಿಲ್ಲ, ಜಗಳ ಮಾತ್ರ ಆಗಲೇ ಶುರುವಾಗಿದೆ.

ಜಗಳ ಹುಟ್ಟಿದ್ದು ವಾಟ್ಸಾಪ್ ಗುಂಪಿನಲ್ಲಿ. ಯಾರು ಏನು ತರುತ್ತೀರಿ ಅಂತ ಕೇಳಿದ್ದೆ. ಅರ್ಧ ಗಂಟೆಯಲ್ಲಿ ಪಟ್ಟಿ ಬಂತು. ಹಸಿಮೆಣಸಿನಕಾಯಿ ಹಾಕಿದ ಮ್ಯಾಶ್ಡ್ ಪೊಟ್ಯಾಟೊ, ಬೀನ್ಸ್ ಕ್ಯಾಸರೋಲ್ (ಸೂಪ್ ಬೆರೆಸಿ ಅವನ್‌ನಲ್ಲಿ ಬೇಯಿಸುವ ಬೀನ್ಸ್) ಬದಲು ಕಾಯಿತುರಿ ಹಾಕಿದ ಬೀನ್ಸ್ ಪಲ್ಯ, ಗೆಣಸಿಗೆ ಚಾಟ್ ಮಸಾಲ. ಎಲ್ಲಕ್ಕೂ ಮೇಲೆ, ಯಾವುದಕ್ಕೂ ಇರಲಿ ಅಂತ ಪನೀರ್ ಬಟರ್ ಮಸಾಲ. ಒಬ್ಬರು ಬರೆದರು, "ಅವರ ಅಡುಗೆ ಸಪ್ಪೆ ಅಲ್ವಾ, ನಾವು ಸ್ವಲ್ಪ ರುಚಿ ಕಟ್ಟೋಣ." ಅದಕ್ಕೆ ಟಪಟಪ ಅಂತ ಹೆಬ್ಬೆರಳುಗಳು ಬಿದ್ದವು. ನಾನು ಒತ್ತಲಿಲ್ಲ. ಗುಂಪಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಅವರೂ ಓದುತ್ತಾರೆ, ಓದಲಿ.

ಸುಮ್ನೆ ಯೋಚನೆ ಮಾಡಿ. ಯಾರೋ ಅಮೆರಿಕದವರು ನಿಮ್ಮ ಮನೆಗೆ ಬಿಸಿಬೇಳೆಬಾತ್ ಮಾಡಿಕೊಂಡು ಬಂದರು ಅಂತ ಇಟ್ಟುಕೊಳ್ಳಿ. "ಹುಣಸೆಹಣ್ಣು ಬಿಟ್ಟು ಚೀಸ್ ಹಾಕಿದ್ದೀನಿ, ಈಗ ಚೆನ್ನಾಗಿದೆ" ಅಂದರೆ ನೀವು ನಗುತ್ತಲೇ ಬಡಿಸಿಕೊಳ್ಳುತ್ತೀರಿ. ಆಮೇಲೆ ಯುಗಾದಿಯವರೆಗೂ ಅದನ್ನೇ ಆಡಿಕೊಳ್ಳುತ್ತೀರಿ.

ನನಗೆ ಇಷ್ಟು ಹೊಟ್ಟೆ ಉರಿಯೋದಕ್ಕೆ ಕಾರಣ ಒಂದು ಗಾಜಿನ ಬೋಗುಣಿ.

ನಾವು ಓಹಾಯೊ ರಾಜ್ಯದ ಕೊಲಂಬಸ್‌ಗೆ ಬಂದ ಹೊಸದು. ಆಫೀಸಿನ ಗೆಳೆಯನೊಬ್ಬ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕರೆದ. ನಾನು ಮಾಂಸ ತಿನ್ನಲ್ಲ ಅಂದೆ. "ತೊಂದರೆ ಇಲ್ಲ, ಸೈಡ್ಸ್ ಬೇಕಾದಷ್ಟು ಇರುತ್ತವೆ" ಅಂದ. ಟರ್ಕಿ ಕೋಳಿಯ ಜೊತೆಗೆ ಬಡಿಸುವ ಬಗೆಗಳು ಅವು. ಇದ್ದವು ಕೂಡ. ಉದ್ದನೆಯ ಮೇಜಿನ ತುಂಬ ಎಂಟು ಬಗೆ. ಆದರೆ ಒಂದೊಂದಾಗಿ ಕೇಳುತ್ತಾ ಹೋದ ಹಾಗೆ ನನ್ನ ತಟ್ಟೆ ಸಣ್ಣದಾಗುತ್ತಾ ಬಂತು. ಸ್ಟಫಿಂಗ್ ಬರೀ ಬ್ರೆಡ್ಡು ಅಂದುಕೊಂಡಿದ್ದೆ, ಅದನ್ನು ನೆನೆಸಿದ್ದು ಕೋಳಿ ಬೇಯಿಸಿದ ನೀರಿನಲ್ಲಿ. ಗ್ರೇವಿ ಅಂದರೆ ಟರ್ಕಿ ಕೋಳಿ ಬೇಯುವಾಗ ಟ್ರೇಗೆ ಇಳಿದ ಜಿಡ್ಡು. ಬೀನ್ಸ್‌ನಲ್ಲಿ ಬೇಕನ್, ಅಂದರೆ ಹಂದಿಮಾಂಸದ ಚೂರು. ಗೆಣಸಿನ ಮೇಲಿನ ಮಾರ್ಷ್‌ಮೆಲ್ಲೊ ಅನ್ನುವ ಮೆತ್ತನೆಯ ಮಿಠಾಯಿ ಕೂಡ ನಮಗಲ್ಲ, ಅದರ ಜೆಲಟಿನ್ ಬರುವುದು ಪ್ರಾಣಿಗಳ ಚರ್ಮ, ಮೂಳೆಯಿಂದ. ಕೊನೆಗೆ ಉಳಿದದ್ದು ಮ್ಯಾಶ್ಡ್ ಪೊಟ್ಯಾಟೊ, ಕ್ರ್ಯಾನ್‌ಬೆರಿ ಸಾಸ್ ಮತ್ತು ಬನ್ನು. ಆಲೂಗೆಡ್ಡೆಯನ್ನು ಮುದ್ದೆಯ ಹಾಗೆ ಮಧ್ಯದಲ್ಲಿ ಇಟ್ಟುಕೊಂಡು, ಕ್ರ್ಯಾನ್‌ಬೆರಿಯನ್ನು ಗೊಜ್ಜಿನ ಹಾಗೆ ಸುತ್ತ ಸುರಿದುಕೊಂಡು ತಿಂದೆ. ನಿಜ ಹೇಳುತ್ತೇನೆ, ಚೆನ್ನಾಗಿಯೇ ಇತ್ತು.

ಮರುವರ್ಷ ಮತ್ತೆ ಕರೆದರು. ಈ ಸಲ ಮೇಜಿನ ಮೂಲೆಯಲ್ಲಿ ಒಂದು ಪುಟ್ಟ ಗಾಜಿನ ಬೋಗುಣಿ. ಮೇಲೆ ಫಾಯಿಲ್ ಮುಚ್ಚಿ, ಪೇಂಟರ್‌ಗಳು ಬಳಸುವ ನೀಲಿ ಟೇಪ್ ಅಂಟಿಸಿತ್ತು. ಟೇಪ್ ಮೇಲೆ ನನ್ನ ಹೆಸರು, ಎರಡು ಅಕ್ಷರ ತಪ್ಪು. ಕೆಳಗೆ 'ಮಾಂಸ ಇಲ್ಲ' ಅಂತ. ಗೆಳೆಯನ ಅಮ್ಮ ಬೆಳಿಗ್ಗೆಯೇ ಎದ್ದು ಸೆಲೆರಿ, ಈರುಳ್ಳಿ, ಕ್ಯಾರೆಟ್, ಅಣಬೆ ಕುದಿಸಿ, ಆ ನೀರಿನಲ್ಲಿ ನನಗೊಬ್ಬಳಿಗೆ ಬೇರೆ ಸ್ಟಫಿಂಗ್ ಮಾಡಿದ್ದರು. "ಹೋದ ವರ್ಷ ನೀನು ಬರೀ ಆಲೂಗೆಡ್ಡೆ ತಿಂದು ಎದ್ದಿದ್ದು ನೋಡಿದೆ" ಅಂದರು. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ.

ನಾನು ಗಮನಿಸಿದ್ದು ಅವರು ಏನನ್ನು ಮುಟ್ಟಲಿಲ್ಲ ಅನ್ನುವುದನ್ನು. ಕೋಳಿ ನೀರು ತೆಗೆದರು, ತರಕಾರಿ ನೀರು ಹಾಕಿದರು. ಭಾರತದ ಹುಡುಗಿ ಅಂತ ಕರಿ ಪೌಡರ್ ಉದುರಿಸಲಿಲ್ಲ. ಅದೇ ಒಣ ಬ್ರೆಡ್ಡು, ಅದೇ ಬೆಣ್ಣೆ, ಮೂಗಿಗೆ ಕರ್ಪೂರದ ಹಾಗೆ ಹತ್ತುವ ಅದೇ ಸೇಜ್ ಎಲೆ. ಅವರ ಮನೆಯವರು ಐವತ್ತು ವರ್ಷದಿಂದ ತಿನ್ನುತ್ತಿದ್ದ ರುಚಿಯನ್ನೇ ನನಗೂ ಬಡಿಸಿದರು. ಯಾರಿಗಾದರೂ ತಿನ್ನಲಾಗದ ಪದಾರ್ಥ ಇದ್ದರೆ ಅದನ್ನು ಬದಲಿಸು, ಉಳಿದದ್ದಕ್ಕೆ ಕೈ ಹಾಕಬೇಡ ಅನ್ನುವ ನನ್ನ ಹಟ ಶುರುವಾಗಿದ್ದು ಆವತ್ತು.

ಈಗ ಅವರಿಗೆ 80 ದಾಟಿದೆ. ನನ್ನ ಮಗಳು ಅವರನ್ನು 'ಓಹಾಯೊ ಅಜ್ಜಿ' ಅನ್ನುತ್ತಾಳೆ. ಈ ಸಲ ಅವರ ಕೈಯಲ್ಲಿ ಅಡುಗೆ ಆಗುವುದಿಲ್ಲ, ಅದಕ್ಕೇ ನಮ್ಮ ಮನೆಗೆ ಬರುತ್ತಿದ್ದಾರೆ. ಅವರ ಎದುರು ಸಾಸಿವೆ ಸಿಡಿಸಿದ ಬೀನ್ಸ್ ಇಟ್ಟು 'ಇದೇ ಕ್ಯಾಸರೋಲ್' ಅನ್ನಲು ನನಗೆ ಬಾಯಿ ಬರುವುದಿಲ್ಲ.

"ಆ ಬೀನ್ಸ್ ಕ್ಯಾಸರೋಲ್ ಏನು ವೇದಕಾಲದ್ದಾ? ಡಬ್ಬದ ಸೂಪ್ ಕಂಪನಿಯವರು ಹುಟ್ಟಿಸಿದ್ದು ತಾನೇ?" ಅಂತ ಗುಂಪಿನಲ್ಲಿ ಒಬ್ಬರು ಕೇಳಿದರು. ನಿಜ. 1955ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಅನ್ನುವ ಹೆಂಗಸು ಮಾಡಿದ್ದು. ಎಲ್ಲರ ಮನೆಯಲ್ಲೂ ಇರುವ ಸಾಮಾನಿನಲ್ಲೇ ಆಗಬೇಕು ಅನ್ನುವುದು ಲೆಕ್ಕ. ಬೀನ್ಸ್, ಮಶ್ರೂಮ್ ಸೂಪ್ ಡಬ್ಬ, ಹಾಲು, ಸ್ವಲ್ಪ ಸೋಯಾ ಸಾಸ್, ಮೇಲೆ ಕರಿದ ಈರುಳ್ಳಿ. ಗೆಣಸಿನ ಮೇಲಿನ ಮಾರ್ಷ್‌ಮೆಲ್ಲೊ ಕೂಡ ಅಂಥದ್ದೇ, 1917ರಲ್ಲಿ ಒಂದು ಮಾರ್ಷ್‌ಮೆಲ್ಲೊ ಕಂಪನಿ ಹಂಚಿದ ಅಡುಗೆ ಪುಸ್ತಿಕೆಯಿಂದ ಮನೆಮನೆಗೆ ಹೋಯಿತು. ಮೊದಲ ಥ್ಯಾಂಕ್ಸ್‌ಗಿವಿಂಗ್ ಅಂತ ಕರೆಯುವ, 1621ರಲ್ಲಿ ಪ್ಲಿಮತ್‌ನಲ್ಲಿ ಇಂಗ್ಲಿಷ್ ವಲಸಿಗರ ನಡುವೆ ನಡೆದ ಊಟದಲ್ಲಿ ಇವು ಯಾವುವೂ ಇರಲಿಲ್ಲ. ಆಲೂಗೆಡ್ಡೆಯೂ ಇರಲಿಲ್ಲ. ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನ ಐದು ಜಿಂಕೆ ಹೊಡೆದು ತಂದಿದ್ದರು ಅಂತ ಆಗಿನ ಒಂದು ಪತ್ರದಲ್ಲಿದೆ. ಆಮೇಲೆ ಅವರ ನೆಲವೇ ಕೈತಪ್ಪಿತು. 1970ರಿಂದ ಅವರಲ್ಲಿ ಅನೇಕರು ಇದೇ ಗುರುವಾರವನ್ನು ಪ್ಲಿಮತ್‌ನಲ್ಲಿ ಶೋಕದ ದಿನವಾಗಿ ಆಚರಿಸುತ್ತಾರೆ. ಮಗಳು ಇದನ್ನು ಪ್ರತಿ ವರ್ಷ ಊಟಕ್ಕೆ ಮುಂಚೆ ಹೇಳುತ್ತಾಳೆ. ನಾವೂ ಸುಮ್ಮನೆ ಕೂತು ಕೇಳುತ್ತೇವೆ, ಹೇಳಬೇಕಾದ್ದೇ ಅದು.

ಆದರೆ ಹಳೆಯದಲ್ಲ ಅಂದಮಾತ್ರಕ್ಕೆ ಅವರದಲ್ಲ ಅನ್ನೋಕಾಗುತ್ತಾ? ಹಾಗೆ ನೋಡಿದರೆ ನಮ್ಮ ಮಸಾಲೆದೋಸೆಯೊಳಗಿನ ಆಲೂಗೆಡ್ಡೆ, ಸಾರಿನ ಟೊಮೇಟೊ, ಒಗ್ಗರಣೆಯ ಮೆಣಸಿನಕಾಯಿ, ಎಲ್ಲವೂ ಇದೇ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಈ ವಿಷಯದಲ್ಲಿ ನಮ್ಮ ಅತ್ತೆ ನನಗಿಂತ ಚುರುಕು. ಮೈಸೂರಿನಿಂದ ಬಂದು ಎರಡು ತಿಂಗಳಾಯಿತು. ಮೆನು ಚೀಟಿ ಓದಿಸಿಕೊಂಡು, "ಆಲೂಗೆಡ್ಡೆ, ಬೀನ್ಸು, ಕೋಸು... ಅಲ್ಲಮ್ಮ, ಇದರಲ್ಲಿ ಒಂದನ್ನೂ ತಿಥಿಗೆ ಹಾಕಂಗಿಲ್ಲವಲ್ಲ!" ಅಂದರು. ಊರಲ್ಲಿ ಶ್ರಾದ್ಧದ ಅಡುಗೆಗೆ 'ಇಂಗ್ಲಿಷ್ ತರಕಾರಿ' ಕೂಡದು ಅಂತ ಇದೆಯಲ್ಲ, ಆ ಲೆಕ್ಕ. ನಾನು, "ಅತ್ತೆ, ಇದು ತಿಥಿ ಅಲ್ಲ, ಹಬ್ಬ" ಅಂದೆ. "ಹಬ್ಬ ಅಂದ್ಮೇಲೆ ಎಲೆ ತುದಿಗೆ ಏನು ಬಡಿಸ್ತೀಯಾ?" ಅಂತ ತಿರುಗಿ ಕೇಳಿದರು.

ಆ ಪ್ರಶ್ನೆಯಿಂದಲೇ ಮೆನು ಅರ್ಧ ಬಗೆಹರಿಯಿತು ಅನ್ನಬೇಕು. ಈ ಊಟದ ತಟ್ಟೆ ನೋಡಿ, ಎಲ್ಲ ಮೆತ್ತಗೆ, ಎಲ್ಲ ಕಂದು ಬಣ್ಣ, ಎಲ್ಲ ಬೆಣ್ಣೆ. ಹಲ್ಲಿಗೆ ಕರಕರ ಅನ್ನುವಂಥದ್ದು, ನಾಲಿಗೆಯನ್ನು ಎಬ್ಬಿಸುವಂಥದ್ದು ಕಮ್ಮಿ. ನಮ್ಮಲ್ಲಿ ಎಲೆಯ ಮೇಲ್ತುದಿಗೆ ಉಪ್ಪಿನಕಾಯಿ, ಕೋಸಂಬರಿ ಬಡಿಸುವುದು ಆ ಕೆಲಸಕ್ಕೇ ತಾನೇ? ಹಾಗಾಗಿ ಹೆಸರುಬೇಳೆ ಕೋಸಂಬರಿ ಇರುತ್ತದೆ. ಕೋಸಂಬರಿಯಾಗಿಯೇ ಇರುತ್ತದೆ, ಯಾವುದರ ವೇಷವನ್ನೂ ಹಾಕಿಕೊಂಡಲ್ಲ. ನಮ್ಮದನ್ನು ಇಡಬೇಡಿ ಅಂತ ನಾನು ಎಲ್ಲೂ ಹೇಳಿಲ್ಲ. ಇಡುವುದಾದರೆ ಪೂರ್ತಿ ನಮ್ಮದನ್ನೇ ಇಡಿ. ಅದಕ್ಕೆ ಅವನ್ ಬೇಡ, ಒಲೆ ಬೇಡ, ಆ ದಿನ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ನನ್ನ ನಿಯಮವನ್ನು ನಾನೇ ಮುರಿಯುವ ಒಂದು ಜಾಗ ಇದೆ, ಕ್ರ್ಯಾನ್‌ಬೆರಿ. ಈ ಹಣ್ಣು ಹಸಿಯಾಗಿ ಅಂಗಡಿಗೆ ಬರುವುದೇ ಈ ಎರಡು ಮೂರು ತಿಂಗಳು. 12 ಔನ್ಸಿನ ಪ್ಯಾಕೆಟ್, ಅಂದರೆ ಸುಮಾರು 340 ಗ್ರಾಂ. ಬಾಯಿಗೆ ಹಾಕಿಕೊಂಡರೆ ಹುಳಿಗೆ ಒಂದು ಕಣ್ಣು ತಾನಾಗಿ ಮುಚ್ಚುತ್ತದೆ. ಬಾಣಲೆಗೆ ಹಾಕಿ ಸ್ವಲ್ಪ ನೀರು ಬಿಟ್ಟರೆ ಐದು ನಿಮಿಷದಲ್ಲಿ ಟಪ್ ಟಪ್ ಅಂತ ಒಡೆಯಲು ಶುರು, ಥೇಟ್ ಸಾಸಿವೆ. ಅಷ್ಟು ಹೊತ್ತಿಗೆ ಬೆಲ್ಲ, ಉಪ್ಪು, ಒಂದು ಚಮಚ ಸಾರಿನ ಪುಡಿ, ಹುರಿದ ಎಳ್ಳಿನ ಪುಡಿ. ಕೊನೆಗೆ ಇಂಗು, ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆ. ಇನ್ನೂ ನೀರಾಗಿದೆ ಅನ್ನಿಸಿದಾಗಲೇ ಇಳಿಸಿಬಿಡಬೇಕು, ಆರಿದ ಮೇಲೆ ಅದರ ಪೆಕ್ಟಿನ್ ತಾನೇ ಗಟ್ಟಿ ಮಾಡುತ್ತದೆ. ಹುಣಸೆಹಣ್ಣೇ ಬೇಡದ ಗೊಜ್ಜು! ಇದು ಮೋಸ ಅಲ್ವಾ ಅಂತ ಕೇಳುವವರಿಗೆ ಉತ್ತರ ಇದೆ. ಡಬ್ಬದ ಕ್ರ್ಯಾನ್‌ಬೆರಿಯೂ ಪಕ್ಕದಲ್ಲೇ ಇರುತ್ತದೆ. ಅದಿಲ್ಲದಿದ್ದರೆ ಮಗಳು ಮೇಜಿಗೇ ಬರುವುದಿಲ್ಲ. ಡಬ್ಬದ ಎರಡೂ ತುದಿ ತೆರೆದು ತಳ್ಳಿದರೆ ಅದು 'ಸ್ಲಪ್' ಅಂತ ಜಾರಿ ನಿಲ್ಲುತ್ತದೆ, ಮೈಮೇಲೆ ಡಬ್ಬದ ಗೆರೆಗಳ ಸಮೇತ. ಆ ಗೆರೆ ಅಳಿಸಬಾರದು, ಅದು ಅವಳ ಷರತ್ತು.

ಮ್ಯಾಶ್ಡ್ ಪೊಟ್ಯಾಟೊ ಬಗ್ಗೆ ನನ್ನ ಹೊಟ್ಟೆಯಲ್ಲೊಂದು ಹಳೆಯ ಅವಮಾನ ಇದೆ. ಮೊದಲ ಸಲ ಮಾಡಿದಾಗ ನುಣ್ಣಗೆ ಬರಲಿ ಅಂತ ಬೆಂದ ಆಲೂಗೆಡ್ಡೆಯನ್ನು ಮಿಕ್ಸಿಗೆ ಹಾಕಿ ತಿರುವಿದೆ. ಗಂಜಿಯೆಲ್ಲ ಹೊರಗೆ ಬಂದು, ಮಿಕ್ಸಿ ಜಾರಿನಿಂದ ಚಮಚ ಎತ್ತಿದರೆ ಜಾರೇ ಮೇಲೆದ್ದು ಬಂತು. ನಮ್ಮವರು ಒಂದು ತುತ್ತು ತಿಂದು, "ಚೆನ್ನಾಗಿದೆ ಕಣೇ, ರಾಜ್ಯೋತ್ಸವಕ್ಕೆ ಪೋಸ್ಟರ್ ಅಂಟಿಸಬಹುದು" ಅಂದರು. ಈಗ ಯೂಕಾನ್ ಗೋಲ್ಡ್ ಆಲೂಗೆಡ್ಡೆ ತಂದು ಕೈಯಲ್ಲೇ ಹಿಸುಕುತ್ತೇನೆ. ಮೊದಲು ಬೆಣ್ಣೆ, ಆಮೇಲೆ ಬಿಸಿ ಹಾಲು, ಉಪ್ಪು. ಹಸಿಮೆಣಸಿನಕಾಯಿ ಇಲ್ಲ. ಬೇಕಾದವರು ಪಕ್ಕದಲ್ಲಿ ಕಚ್ಚಿಕೊಳ್ಳಿ, ಒಂದು ತಟ್ಟೆ ತುಂಬ ಇಟ್ಟಿರುತ್ತೇನೆ.

ಬ್ರಸೆಲ್ಸ್ ಸ್ಪ್ರೌಟ್ಸ್, ಅದೇ ಮರಿ ಕೋಸು, ಎಣ್ಣೆ ಸವರಿ ಅಂಚು ಕಪ್ಪಾಗುವಷ್ಟು ಹುರಿಯುವುದು, ಅಷ್ಟೇ. ಗೆಣಸಿಗೆ ಮಾರ್ಷ್‌ಮೆಲ್ಲೊ ಬದಲು ಪೀಕಾನ್ ಬೀಜ, ಕಂದು ಸಕ್ಕರೆ, ಬೆಣ್ಣೆ. ಇದೂ ಇಲ್ಲಿಯವರದ್ದೇ ಇನ್ನೊಂದು ಪದ್ಧತಿ, ನಾನು ಕಟ್ಟಿದ್ದಲ್ಲ. ಗೆಣಸಿನ ಹೋಳಿಗೆ ತಿಂದ ಬಾಯಿಗೆ ಇದೇನು ವಿಚಿತ್ರ? ಕುಂಬಳಕಾಯಿ ಪೈ ಮಗಳ ಜವಾಬ್ದಾರಿ.

ಟರ್ಕಿ ಕೋಳಿಯನ್ನು ತಿನ್ನುವವರೇ ಬೇಯಿಸಿಕೊಂಡು ತರಬೇಕು ಅಂತ ಮೊದಲೇ ಹೇಳಿಬಿಟ್ಟಿದ್ದೇನೆ. ಅಂದಹಾಗೆ ಟರ್ಕಿ ದೇಶದವರು ತಮ್ಮ ಭಾಷೆಯಲ್ಲಿ ಈ ಹಕ್ಕಿಯನ್ನು 'ಹಿಂದಿ' ಅನ್ನುತ್ತಾರೆ, ಹಿಂದೂಸ್ತಾನದಿಂದ ಬಂದದ್ದು ಅಂದುಕೊಂಡು. ಇದನ್ನು ಹೇಳಿದಾಗಿನಿಂದ ನಮ್ಮವರು ಪ್ರತಿ ನವೆಂಬರ್‌ನಲ್ಲಿ "ಊಟದ ಮೇಜಿನ ಮೇಲೂ ಹಿಂದಿ ಹೇರಿಕೆ" ಅಂತ ಒಂದೇ ಜೋಕು ಹೊಡೆಯುತ್ತಾರೆ.

ನಿಜವಾಗಿ ಮೆನು ತೀರ್ಮಾನ ಮಾಡುವವಳು ನಾನಲ್ಲ, ಅವನ್. ಒಂದೇ ಅವನ್, ಎರಡು ಅಡ್ಡ ಕಂಬಿ. ಸ್ಟಫಿಂಗ್, ಗೆಣಸು, ಬೀನ್ಸ್ ಮೂರೂ 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಹೊಂದಿಕೊಂಡು ಬೇಯುತ್ತವೆ, ಪುಣ್ಯ. ಮರಿ ಕೋಸಿಗೆ 425 ಬೇಕು, ಹಾಗಾಗಿ ಅದು ಎಲ್ಲರೂ ಬಂದು ಕೋಟು ಕಳಚುವಾಗ ಕೊನೆಗೆ ಹೋಗುತ್ತದೆ. ಗೊಜ್ಜು, ಪೈ ಬುಧವಾರವೇ ಮುಗಿಯಬೇಕು. ಫ್ರಿಜ್‌ನಲ್ಲಿ ಹಿಡಿಸದ ಹಿಟ್ಟು, ಬೆಣ್ಣೆ, ಪಾನೀಯ ಎಲ್ಲ ಗ್ಯಾರೇಜಿಗೆ. ನವೆಂಬರ್ ಕೊನೆಯ ಓಹಾಯೊದಲ್ಲಿ ಗ್ಯಾರೇಜೇ ಎರಡನೇ ಫ್ರಿಜ್. ಅತ್ತೆಗೆ ಇದು ಬಲು ಇಷ್ಟವಾಗಿದೆ. ಮೊಸರನ್ನದ ಪಾತ್ರೆಯನ್ನು ತಾವೇ ಅಲ್ಲಿ ಇಡುತ್ತಾರಂತೆ. ಯಾವ ಊಟವಾದರೂ ಕೊನೆಗೆ ಮೊಸರನ್ನ ಆಗಲೇಬೇಕು, ಅದರಲ್ಲಿ ರಾಜಿ ಇಲ್ಲ.

ಮೊನ್ನೆ ಭಾನುವಾರ ಖಾಲಿ ಟ್ರೇಗಳನ್ನು ಅವನ್ ಒಳಗೆ ಜೋಡಿಸಿ ನೋಡಿದೆ. 9 ಇಂಚು 13 ಇಂಚಿನ ಎರಡು ಗಾಜಿನ ಟ್ರೇ ಪಕ್ಕಪಕ್ಕ ಕೂರಬೇಕು, ಆದರೆ ಕಿವಿಗೆ ಕಿವಿ ತಾಗಿ ಬಾಗಿಲು ಮುಚ್ಚುತ್ತಿಲ್ಲ. ಕೊಲಂಬಸ್ ಸುತ್ತಮುತ್ತ ಇರುವವರ ಹತ್ತಿರ ಕಿವಿ ಇಲ್ಲದ, ನೇರ ಅಂಚಿನ ಟ್ರೇ ಒಂದಿದ್ದರೆ ದಯವಿಟ್ಟು ಇನ್‌ಬಾಕ್ಸ್‌ಗೆ ಬನ್ನಿ. ಶುಕ್ರವಾರ ತೊಳೆದು ವಾಪಸ್ ಕೊಡುತ್ತೇನೆ, ಖಾಲಿ ಅಂತೂ ಕೊಡಲ್ಲ. ಗುಂಪಿನಲ್ಲಿ ಚಾಟ್ ಮಸಾಲ ಅಂದವರ ಟ್ರೇ ಆದರೂ ಪರವಾಗಿಲ್ಲ.