ಮುಸುರೆಗೆ ಹಾಕಬಾರದ ಕಲ್ಲು

ಬೆಂಗಳೂರಿನ ಅಡುಗೆಮನೆಯಲ್ಲಿ ಪಾತ್ರೆಗಳಿಗೆಲ್ಲ ಒಂದೇ ಕಾನೂನು. ಊಟ ಮುಗಿಯಿತೋ, ಅನ್ನದ ತಪ್ಪಲೆ, ಹುಳಿಯ ಪಾತ್ರೆ, ಒಗ್ಗರಣೆ ಸೌಟು ಎಲ್ಲವೂ ಸಿಂಕಿಗೆ. ಸಬೀನ ಹಾಕಿ, ನಾರಿನಲ್ಲಿ ತಿಕ್ಕಿ, ಬೋರಲು ಹಾಕಿದರೆ ಮುಖ ಕಾಣುವ ಹಾಗೆ ಹೊಳೆಯಬೇಕು. ಈ ಕಾನೂನಿಗೆ ಒಗ್ಗದ ವಸ್ತುವೊಂದು ಈಚೆಗೆ ಬಹಳ ಮನೆಗಳ ಓಟಿಜಿಯ, ಅಂದರೆ ಕಟ್ಟೆಯ ಮೇಲಿಡುವ ಪುಟ್ಟ ಕರೆಂಟಿನ ಒಲೆಯ, ಜಾಲರಿಯ ಮೇಲೆ ಬಂದು ಕೂತಿದೆ. ಅದೇ ಪಿಜ್ಜಾ ಕಲ್ಲು, ಕಾಯಿಸಿ ಮೇಲೆ ಪಿಜ್ಜಾ ಬೇಯಿಸುವ ಬಿಲ್ಲೆ. 30 ಸೆಂಟಿಮೀಟರ್ ಅಗಲ, ಒಂದೂವರೆ ಸೆಂಟಿಮೀಟರ್ ದಪ್ಪ, ತೂಕ ಸುಮಾರು ಎರಡು ಕೆಜಿ. ಇದನ್ನು ಮುಸುರೆಗೆ ಹಾಕುವ ಹಾಗಿಲ್ಲ. ತಿಳಿಯದೆ ಹಾಕಿಬಿಟ್ಟರೆ ಮುಂದಿನ ಭಾನುವಾರದ ಪಿಜ್ಜಾದಲ್ಲಿ ಚೀಸ್‌ಗಿಂತ ಮೊದಲು ನಿಂಬೆಹಣ್ಣಿನ ಸೋಪು ನಾಲಿಗೆಗೆ ಸಿಗುತ್ತದೆ.

ಹೆಸರಿಗೆ ಕಲ್ಲು, ಜಾತಿಯಲ್ಲಿ ಮಣ್ಣು. ಲಾಲ್‌ಬಾಗಿನ ಬಂಡೆಗೂ ಇದಕ್ಕೂ ನಂಟಿಲ್ಲ; ನಂಟಿರುವುದು ಹೆಂಚಿಗೆ. ಮನೆಯ ಮೇಲೆ ಹೊದಿಸುವುದನ್ನೂ ರೊಟ್ಟಿ ಸುಡುವುದನ್ನೂ ಕನ್ನಡ ಒಂದೇ ‘ಹೆಂಚು’ ಎಂದು ಕರೆದು ಕೈತೊಳೆದುಕೊಂಡಿದೆ. ಸುಟ್ಟ ಮಣ್ಣಿನ ಬಿಲ್ಲೆಯ ಮೇಲೆ ಹಿಟ್ಟು ಬೇಯಿಸುವ ಈ ಕಲ್ಲನ್ನೂ ಅದೇ ಮನೆತನಕ್ಕೆ ಸೇರಿಸಬಹುದು. ಇನ್ನೂ ಹತ್ತಿರದ ದಾಯಾದಿ ಎಂದರೆ ಉಪ್ಪಿನಕಾಯಿ ಭರಣಿ. ಅದೂ 1,200 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟ ಗಟ್ಟಿ ಮಣ್ಣೇ. ಆದರೆ ಭರಣಿಗೆ ಗಾಜಿನಂಥ ಮೆರುಗಿನ ಲೇಪವಿದೆ. ಉಪ್ಪು, ಹುಳಿ, ಎಣ್ಣೆ ಯಾವುದೂ ಮಣ್ಣಿಗೆ ಇಳಿಯುವುದಿಲ್ಲ. ಪಿಜ್ಜಾ ಕಲ್ಲಿಗೆ ಆ ಲೇಪವಿಲ್ಲ, ಬೇಕೆಂದೇ ಹಾಕಿರುವುದಿಲ್ಲ. ಕಾವು ಹಿಡಿದಿಟ್ಟು ಹಿಟ್ಟಿನ ಅಡಿಗೆ ಒಮ್ಮೆಗೇ ಕೊಡುವುದು ಅದರ ಮುಖ್ಯ ಕೆಲಸ. ಅಡಿಯಲ್ಲಿ ಏಳುವ ಹಬೆಗೆ ಅದರ ಸಣ್ಣ ರಂಧ್ರಗಳು ಜಾಗ ಬಿಡುತ್ತವೆ, ತಳ ಗರಿಗರಿಯಾಗುತ್ತದೆ. ಹಬೆ ಒಳಹೋಗುವ ಬಾಗಿಲಲ್ಲೇ ಸೋಪಿನ ನೀರೂ ಹೋಗುತ್ತದೆ. ಹೋದದ್ದು ಸುಲಭಕ್ಕೆ ಬರುವುದಿಲ್ಲ.

ಹೋಗಿಯೇಬಿಟ್ಟಿದ್ದರೆ ಮಾಡುವುದೇನು? ಬರಿ ನೀರಿನಲ್ಲಿ ಒಂದೆರಡು ಗಂಟೆ ಮುಳುಗಿಸಿ, ನೀರು ಬದಲಿಸಿ, ಮತ್ತೆ ಮುಳುಗಿಸಬೇಕು. ಪೂರ್ತಿ ಒಣಗಿದ ಮೇಲೆ ಖಾಲಿ ಕಲ್ಲನ್ನು 200 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಮೈದಾ ಹಿಟ್ಟಿನ ದಪ್ಪ ಬಿಲ್ಲೆಯೊಂದನ್ನು ಅದರ ಮೇಲೆ ಸುಟ್ಟು ಎಸೆಯುವುದು. ಬಿಲ್ಲೆಯ ಅಡಿ ಮೂಸಿದರೆ ಸೋಪು ಇದೆಯೋ ಹೋಗಿದೆಯೋ ಗೊತ್ತಾಗುತ್ತದೆ. ವಾಸನೆ ಇನ್ನೂ ಇದ್ದರೆ ಮತ್ತೊಂದು ಸುತ್ತು.

ಸೋಪು ರುಚಿ ಕೆಡಿಸುತ್ತದೆ ಅಷ್ಟೆ; ನೀರು ಕಲ್ಲನ್ನೇ ಒಡೆಯುತ್ತದೆ. ರಂಧ್ರದೊಳಗೆ ಉಳಿದ ನೀರು ಹಬೆಯಾದರೆ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ನಿಧಾನವಾಗಿ ಕಾದರೆ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಹಸಿ ಕಲ್ಲನ್ನು ನೇರ 250ಕ್ಕೆ ಏರಿಸಿದರೆ ದಾರಿ ಸಾಲದೆ ಬಿರುಕು ಬಿಡುತ್ತದೆ. ಆದ್ದರಿಂದ ನೀರು ತಾಗಿದ ಕಲ್ಲನ್ನು ಗೋಡೆಗೆ ಒರಗಿಸಿ ಅಂಚಿನ ಮೇಲೆ ನಿಲ್ಲಿಸಬೇಕು, ಎರಡೂ ಮುಖಕ್ಕೆ ಗಾಳಿ ಆಡಲಿ. ಮಾರ್ಚ್ ಏಪ್ರಿಲ್‌ನಲ್ಲಿ ಒಂದು ಹಗಲು ಒಂದು ರಾತ್ರಿ ಸಾಕು. ಜಿಟಿಜಿಟಿ ಮಳೆಯ ಆಗಸ್ಟಿನಲ್ಲಿ, ಒಗೆದ ಬಟ್ಟೆಯೇ ಎರಡು ದಿನ ಹಸಿ ಹಸಿ ಎನ್ನುವಾಗ, ಎರಡು ದಿನ ಬಿಡುವುದು ಮೇಲು. ಆಮೇಲೆ ತಣ್ಣಗಿನ ಓಟಿಜಿಯೊಳಗೆ ಇಟ್ಟು 110 ಡಿಗ್ರಿಯಲ್ಲಿ ಒಂದು ಗಂಟೆ, ಬಾಗಿಲು ಒಂದು ಬೆರಳಷ್ಟು ತೆರೆದು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿರುವ ಈ ಊರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ 110 ಧಾರಾಳ. ಬೋರ್‌ವೆಲ್ ನೀರಿನ ಬಡಾವಣೆಯವರಿಗೆ ಒಂದು ಮಾತು: ಒಣಗಿದ ಮೇಲೆ ಕಲ್ಲಿನ ಮೇಲೆ ಬಿಳಿ ಪುಡಿ ಕಂಡರೆ ಬೂಷ್ಟೆಂದು ಗಾಬರಿಯಾಗಬೇಡಿ. ಗಡಸು ನೀರಿನ ಲವಣ ಅದು, ಒಣ ಬ್ರಷ್ಷಿಗೆ ಉದುರುತ್ತದೆ.

ದಿನದ ಆರೈಕೆಯಲ್ಲಿ ಇದ್ಯಾವುದೂ ಬೇಕಾಗದಂತೆ ನೋಡಿಕೊಳ್ಳುವುದೇ ಜಾಣತನ. ಬೇಯಿಸಿದ ಮೇಲೆ ಸ್ವಿಚ್ ಆರಿಸಿ ಕಲ್ಲನ್ನು ಒಳಗೇ ಬಿಡಿ, ಎರಡು ಮೂರು ಗಂಟೆ. ಕೈ ಇಟ್ಟರೆ ತಣ್ಣಗಿರಬೇಕು. ಆಗ ನೋಡಿದರೆ ಒಂದು ಕಡೆ ಸೋರಿದ ಚೀಸ್ ಕರಿ ಗುಳ್ಳೆಯಾಗಿ ಎದ್ದು ನಿಂತಿರುತ್ತದೆ, ಸುತ್ತಲೂ ಕಂದು ಹಿಟ್ಟಿನ ಹುಡಿ. ದೋಸೆ ಮಗುಚುವ ಕೈಯ ಚಪ್ಪಟೆ ಅಂಚನ್ನು ಕಲ್ಲಿಗೆ ಬಹುಮಟ್ಟಿಗೆ ಮಲಗಿಸಿ, ಗುಳ್ಳೆಯ ಬುಡಕ್ಕೆ ತಾಗಿಸಿ ತಳ್ಳಿದರೆ ‘ಟಕ್’ ಎಂದು ಇಡಿಯಾಗಿ ಎದ್ದು ಬರುತ್ತದೆ. ಬಿಸಿಯಿದ್ದಾಗ ಇದನ್ನೇ ಮಾಡಿದರೆ ಚೀಸ್ ಜಿಗುಟಾಗಿ ಬಳಿದುಕೊಳ್ಳುತ್ತದೆ. ಕೆರೆದ ಜಾಗದಲ್ಲಿ ಪೆನ್ಸಿಲ್ ಗೀಟಿನಂಥ ಬೂದು ಗೆರೆ ಮೂಡಿದರೆ ಕಲ್ಲು ಗೀಚಿಹೋಯಿತೆಂದು ಕೊರಗಬೇಡಿ. ಸಾಮಾನ್ಯವಾಗಿ ಸವೆದದ್ದು ಸ್ಟೀಲು. ಸುಟ್ಟ ಮಣ್ಣು ಅದಕ್ಕಿಂತ ಗಡಸು. ಮರದ ಮಗುಚುವ ಕೈಯಾದರೆ ಆ ಗೆರೆಯೂ ಇಲ್ಲ. ಆಮೇಲೆ ಒಣ ಬ್ರಷ್, ಕೊನೆಗೆ ಹಿಂಡಿ ತೆಗೆದ ಬಟ್ಟೆಯಲ್ಲಿ ಒಂದು ಸಲ ಒರೆಸು. ಮುಗಿಯಿತು. ಪಿಜ್ಜಾ ಜಾರಲೆಂದು ಮೈದಾ ಉದುರಿಸುವ ಬದಲು ಬಾಂಬೆ ರವೆ ಉದುರಿಸಿದರೆ ಗುಡಿಸುವ ಕೆಲಸವೂ ಹಗುರ. ಮೈದಾ ಬೇಗ ಸೀದು ಮೆತ್ತಿಕೊಳ್ಳುತ್ತದೆ, ರವೆ ಕಾಳಾಗಿಯೇ ಉಳಿಯುತ್ತದೆ.

ಇನ್ನು ಕಲೆ. ಹೊಸದರಲ್ಲಿ ಹಾಲಿನ ಕೆನೆಯ ಬಣ್ಣವಿದ್ದದ್ದು ಆರು ತಿಂಗಳಲ್ಲಿ ಹುಲಿಯ ಮೈಯಾಗುತ್ತದೆ. ಬಸವನಗುಡಿಯ ಹಳೆ ಮನೆಗಳ ರೆಡ್ ಆಕ್ಸೈಡ್ ನೆಲ ವರ್ಷಗಟ್ಟಲೆ ಒರೆಸಿ ಒರೆಸಿ ಕಪ್ಪುಗೆಂಪಾದರೆ ಬಂದವರೆಲ್ಲ ಹೊಗಳುತ್ತಾರೆ, ಪಿಜ್ಜಾ ಕಲ್ಲು ಕಪ್ಪಾದರೆ ಮಾತ್ರ ಮೂಗು ಮುರಿಯುತ್ತಾರೆ, ಇದು ಅನ್ಯಾಯ. ಕೈಗೆ ಅಂಟದ, ಮೂಗಿಗೆ ಬಾರದ ಕಲೆಯನ್ನು ಬಿಟ್ಟುಬಿಡಬಹುದು. 250 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಕಾದ ಕಲ್ಲಿನ ಮೇಲೆ ಯಾವ ಕ್ರಿಮಿಯೂ ಬದುಕಿರುವುದಿಲ್ಲ. ಉಬ್ಬಿ ಕೂತಿದ್ದರೆ, ಜಿಡ್ಡು ಅಂಟಿದರೆ, ಕಾಯಿಸಿದಾಗ ಹೊಗೆಯಾಡಿದರೆ ಮಾತ್ರ ಅಡುಗೆ ಸೋಡಾ ಡಬ್ಬ ತೆಗೆಯಬೇಕು. ಎರಡು ಚಮಚ ಸೋಡಾಕ್ಕೆ ಒಂದು ಚಮಚ ನೀರು, ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಕಲೆಯ ಮೇಲಷ್ಟೇ ಬಳಿದು, ಕಾಲು ಗಂಟೆ ಬಿಟ್ಟು, ಹಳೆ ಟೂತ್‌ಬ್ರಷ್ಷಿನಲ್ಲಿ ಸುತ್ತಿ ಸುತ್ತಿ ತಿಕ್ಕುವುದು. ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸುವುದು. ಬೇಕಿಂಗ್ ಪೌಡರ್ ಬೇಡ, ಅದರಲ್ಲಿ ಪಿಷ್ಟ ಸೇರಿರುತ್ತದೆ. ಸೋಡಾ ಮೇಲೆ ವಿನೆಗರ್ ಸುರಿದು ನೊರೆ ಬರಿಸುವವರಿದ್ದಾರೆ. ನೋಡಲು ಚೆಂದ, ಆದರೆ ಒಂದನ್ನೊಂದು ನುಂಗಿಹಾಕಿ ಕೊನೆಗೆ ಉಳಿಯುವುದು ಉಪ್ಪು ನೀರು. ಹಿತ್ತಾಳೆಗೆ ಹೊಂದುವ ಹುಣಸೆಹಣ್ಣು ಇಲ್ಲಿ ಕೆಲಸಕ್ಕೆ ಬಾರದು. ಅದು ಲೋಹದ ಕಿಲುಬನ್ನು ಕರಗಿಸುತ್ತದೆ, ಸೀದ ಜಿಡ್ಡಿನ ಮುಂದೆ ಅದರ ಆಟ ನಡೆಯುವುದಿಲ್ಲ. ಸೋಡಾಕ್ಕೂ ಬಗ್ಗದಿದ್ದರೆ ಹಾರ್ಡ್‌ವೇರ್ ಅಂಗಡಿಯ ಉಪ್ಪುಕಾಗದ, 120 ನಂಬರಿನದು, ಒಣಗಿದ ಕಲ್ಲಿನ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು.

ಎಣ್ಣೆ ಸವರಿ ಪಳಗಿಸಬೇಕೇ ಎಂಬುದಕ್ಕೆ ಉತ್ತರ ಕಲ್ಲು ಯಾವ ಬಗೆಯದು ಎಂಬುದರ ಮೇಲಿದೆ. ಬಿಸ್ಕತ್ತು, ಬನ್ನಿಗೆಂದು ಮಾಡಿದ ಸ್ಟೋನ್‌ವೇರ್ ತಟ್ಟೆ ಬೆಣ್ಣೆ ಬಿಸ್ಕತ್ತಿನಂಥ ಜಿಡ್ಡಿನ ಪದಾರ್ಥ ಬೇಯಿಸಿದಂತೆಲ್ಲ ತಾನೇ ಪಳಗುತ್ತದೆ. ಕಾರ್ಡಿಯರೈಟ್ ಎಂಬ ಖನಿಜವಿರುವ ಸುಟ್ಟ ಮಣ್ಣಿನ ಪಿಜ್ಜಾ ಕಲ್ಲಿಗೆ ಕಬ್ಬಿಣದ ಕಾವಲಿಯಂತೆ ಎಣ್ಣೆ ಉಜ್ಜಿದರೆ ಅದು ಆಳಕ್ಕಿಳಿದು ಪ್ರತಿ ಸಲವೂ ಹೊಗೆ, ಇಟ್ಟಲ್ಲೇ ಇಟ್ಟರೆ ಕಮಟು ವಾಸನೆ.

ಕಾವಲಿಯಿಂದ ಬರುವ ಇನ್ನೊಂದು ಅಭ್ಯಾಸ ಇದಕ್ಕಿಂತ ಅಪಾಯದ್ದು. ಕಾದ ಕಾವಲಿಗೆ ನೀರು ಚಿಮುಕಿಸಿ, ಅರ್ಧ ಈರುಳ್ಳಿಯಲ್ಲಿ ಉಜ್ಜಿ, ಚುಂಯ್ ಎಂದ ಮೇಲೆ ದೋಸೆ ಹುಯ್ಯುವ ಕೈ ಇಲ್ಲೂ ತಾನಾಗಿ ನೀರಿನ ಲೋಟದ ಕಡೆ ಹೋಗುತ್ತದೆ. ಕಬ್ಬಿಣ ಹಿಗ್ಗಿ ಕುಗ್ಗಿ ಸಹಿಸಿಕೊಳ್ಳುತ್ತದೆ. ಸುಟ್ಟ ಮಣ್ಣಿನಲ್ಲಿ ಕಾವು ನಿಧಾನ ಹರಿಯುತ್ತದೆ. ನೀರು ಬಿದ್ದ ಜಾಗ ಕುಗ್ಗುತ್ತದೆ, ಪಕ್ಕದ್ದು ಹಿಗ್ಗಿಯೇ ಇರುತ್ತದೆ, ನಡುವೆ ಸೀಳು. ಫ್ರೀಜರ್‌ನಿಂದ ತೆಗೆದ ಪಿಜ್ಜಾವನ್ನು ಕಾದ ಕಲ್ಲಿಗೆ ಹಾಕುವುದೂ, ತಣ್ಣನೆ ಕಲ್ಲನ್ನು ಕಾದ ಓಟಿಜಿಗೆ ತಳ್ಳುವುದೂ, ಬಿಸಿ ಕಲ್ಲನ್ನು ಗ್ರಾನೈಟ್ ಕಟ್ಟೆಯ ಮೇಲೆ ಇಡುವುದೂ ಇದೇ ಲೆಕ್ಕ. ಕಾರ್ಡಿಯರೈಟ್ ಕಾದಾಗ ಹಿಗ್ಗುವುದು ಕಡಿಮೆಯಾದ್ದರಿಂದ ಸ್ವಲ್ಪ ತಾಳಿಕೊಳ್ಳುತ್ತದೆ, ಅಷ್ಟೆ. ನಡುವೆ ಕರೆಂಟು ಹೋದರೆ ಬಾಗಿಲು ತೆಗೆಯದೆ ಸುಮ್ಮನಿರಿ. ಕಲ್ಲಿನ ಕಾವಿನಲ್ಲಿ ಪಿಜ್ಜಾದ ತಳವಾದರೂ ಬೆಂದಿರುತ್ತದೆ.

ಕೊಳ್ಳುವಾಗ, ಮತ್ತೆ ಆಗಾಗ, ಕಲ್ಲನ್ನು ಎತ್ತಿ ಹಿಡಿದು ಬೆರಳ ಗೆಣ್ಣಿನಲ್ಲಿ ತಟ್ಟಿ ನೋಡಬೇಕು. ಪಾಟರಿ ಟೌನಿನಲ್ಲಿ ಮಡಕೆ ಆರಿಸುವ ವಿದ್ಯೆಯೇ. ‘ಟಣ್’ ಎಂದರೆ ಗಟ್ಟಿ, ‘ಬದ್’ ಎಂದರೆ ಒಳಗೆಲ್ಲೋ ಕೂದಲೆಳೆಯ ಬಿರುಕು. ಬಿರುಕು ಬಿಟ್ಟದ್ದನ್ನು ಅಂಟಿನಲ್ಲಿ ಕೂಡಿಸುವ ಸಾಹಸ ಬೇಡ, ಅಂಟು ಕಾದರೆ ವಿಷದ ಹೊಗೆ. ಸೀದಾ ಎರಡು ಹೋಳಾಗಿದ್ದರೆ ಚೂರು ಉದುರುವ ಅಂಚನ್ನು ಉಪ್ಪುಕಾಗದದಲ್ಲಿ ನಯ ಮಾಡಿ, ಜಾಲರಿಯ ಮೇಲೆ ಒತ್ತಾಗಿ ಜೋಡಿಸಿದರೆ ಮೊದಲಿನಂತೆಯೇ ಕೆಲಸ ಮಾಡುತ್ತದೆ. ಚೀಸ್ ಮಾತ್ರ ಆ ಸಂದಿಯನ್ನೇ ಹುಡುಕಿಕೊಂಡು ಹೋಗುತ್ತದೆ. ಕೆಳಗೆ ಒಂದು ಹಳೆ ಅಲ್ಯೂಮಿನಿಯಂ ತಟ್ಟೆ ಇಟ್ಟಿರಿ.